ಎದುರಿಗೆ ಬರುವವರು

ಮೊನ್ನೆ ನಮ್ಮ ಮನೆಯಲ್ಲಿ ಒಂದು ಸೀನು ಬಿತ್ತು. ಹೀಗೆ ಹೇಳಿದರೆ ಬೇರೆ ಯಾರೋ ಸೀನಿದಂತೆ ಕೇಳಿಸುತ್ತದೆ; ಸೀನಿದವಳು ನಾನೇ. ಜಗಲಿಯ ಮೇಲೆ ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದೆ. ಪಕ್ಕದ ಮನೆಯ ಅಳಿಯ ಯಾವುದೋ ಕೆಲಸದ ಇಂಟರ್‌ವ್ಯೂಗೆಂದು ಇಸ್ತ್ರಿ ಷರ್ಟು ತೊಟ್ಟು ನಮ್ಮ ಗೇಟಿನ ಮುಂದೆ ಹಾದುಹೋಗುತ್ತಿದ್ದ. ಒಂಟಿ ಸೀನು. ಹುಡುಗ ಅಲ್ಲೇ ನಿಂತ. ವಾಪಸು ಹೋಗಿ, ಅವರ ಮನೆಯಲ್ಲಿ ಕೂತು, ಒಂದು ಲೋಟ ನೀರು ಕುಡಿದು, ನನ್ನ ಕಡೆ ನೋಡದೆ ಮತ್ತೆ ಹೊರಟ. ಅವನ ಅತ್ತೆ ಆಮೇಲೆ ಬಂದು, ಇನ್ನೊಂದು ಸೀನು ಸೀನಿಬಿಟ್ಟಿದ್ದರೆ ಜೋಡಿಯಾಗಿ ದೋಷ ಹೋಗುತ್ತಿತ್ತಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದಳು. ಮೂಗು ನನ್ನದು, ಮೆಣಸಿನಕಾಯಿ ನನ್ನದು, ಎಷ್ಟು ಸಲ ಸೀನಬೇಕೆಂಬ ತೀರ್ಮಾನ ಮಾತ್ರ ಅವಳದು. ನಾನು ಇನ್ನೂ ಎರಡು ಹಿಡಿ ಮೆಣಸಿನಕಾಯಿ ಮೊರಕ್ಕೆ ಸುರಿದುಕೊಂಡೆ.

ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ, ನಂಬಿ. ಶಕುನದ ವಿದ್ಯೆಯಲ್ಲಿ ಅವನಿನ್ನೂ ಕೂಸು. ನಾನು ಚಾಮರಾಜಪೇಟೆಯಲ್ಲಿ ನಂಜಮ್ಮನವರ ಮೊಮ್ಮಗಳಾಗಿ ಬೆಳೆದವಳು. ನಂಜಮ್ಮನವರೆಂದರೆ ನನ್ನ ತಂದೆಯ ತಾಯಿ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ವಚನ, ತಲೆ ತುಂಬ ಶಕುನ. ಈ ಮೂರೂ ಒಂದೇ ದೇಹದಲ್ಲಿ ಹೇಗೆ ಜಗಳವಿಲ್ಲದೆ ಇದ್ದವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಶರಣರು ಇದನ್ನೆಲ್ಲ ಒದ್ದು ಬಂದವರಲ್ಲವೇ ಎಂದು ಅಪ್ಪ ಕೆಣಕಿದರೆ, ಶರಣರಿಗೆ ನಮ್ಮ ಹಾಗೆ ಮಾಮೂಲ್‌ಪೇಟೆಯಲ್ಲಿ ಅಂಗಡಿ ಇರಲಿಲ್ಲ ಎಂದು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು.

ಅಜ್ಜಿಯ ಶಾಸ್ತ್ರದಲ್ಲಿ ಮನೆಯಿಂದ ಹೊರಡುವುದೆಂದರೆ ಚಪ್ಪಲಿ ಮೆಟ್ಟಿ ಹೊರಡುವುದಲ್ಲ. ಎದುರಿಗೆ ಯಾರು ಬರುತ್ತಾರೆ ಎಂಬುದು ಮೊದಲು ನಿಶ್ಚಯವಾಗಬೇಕು. ತುಂಬಿದ ಕೊಡ ಹೊತ್ತ ಮುತ್ತೈದೆ ಬಂದರೆ ಅದಕ್ಕಿಂತ ಇನ್ನಿಲ್ಲ. ಹಸು ಕರುವಿನ ಜೊತೆ ಬಂದರೆ ಒಳ್ಳೆಯದು. ಹೂವು, ಮೊಸರು, ಓಲಗ ಇವೂ ಆಗಬಹುದು. ಸೌದೆ ಹೊರೆ, ಖಾಲಿ ಕೊಡ, ಬೆಕ್ಕು ಇವು ಕೆಟ್ಟವು. ಎಲ್ಲಕ್ಕಿಂತ ಕೆಟ್ಟದ್ದು ಗಂಡ ಸತ್ತ ಹೆಂಗಸು. ಇಲ್ಲೊಂದು ತೊಡಕಿತ್ತು. ಅಜ್ಜಿಯೇ ಗಂಡ ಸತ್ತವಳು. ನಾನು ಹುಟ್ಟುವುದಕ್ಕೆ ಮುಂಚೆಯೇ ತಾತ ತೀರಿಕೊಂಡಿದ್ದರು. ಆದ್ದರಿಂದ ಮನೆಯವರು ಯಾರೇ ಒಳ್ಳೆಯ ಕೆಲಸಕ್ಕೆ ಹೊರಟರೂ ಅಜ್ಜಿ ಅಡಿಗೆಮನೆಯ ಬಾಗಿಲ ಹಿಂದೆ ಹೋಗಿ ನಿಲ್ಲುವಳು. ಅಲ್ಲಿಂದಲೇ ಇಡೀ ಶಕುನವನ್ನು ನಡೆಸುವಳು. ಕೆಂಪಮ್ಮ ಬಂದಳಾ, ಕೊಡ ತುಂಬಿದೆಯಾ, ಮೂಲೆ ತಿರುಗಿದಳಾ ಎಂದು ಬಾಗಿಲ ಹಿಂದಿನಿಂದ ಪ್ರಶ್ನೆಗಳು ಬರುತ್ತಿದ್ದವು.

ಕೆಂಪಮ್ಮ ನಮ್ಮ ಬೀದಿಯಲ್ಲಿ ಸೊಪ್ಪು ಮಾರುತ್ತಿದ್ದಳು. ಗಟ್ಟಿ ಆಳು, ಅಗಲವಾದ ಕುಂಕುಮ, ಐದು ಮಕ್ಕಳ ತಾಯಿ. ಶಕುನಕ್ಕೆ ಹೇಳಿ ಮಾಡಿಸಿದಂತಿದ್ದಳು. ನಮ್ಮ ಮನೆಯಲ್ಲಿ ಸಿಗುವ ಅರಿಸಿನದ ಮೇಲಿನ ಪ್ರೀತಿಗೆ ಆಕೆ ಬೀದಿ ನಲ್ಲಿಯಲ್ಲಿ ಕೊಡ ತುಂಬಿಕೊಂಡು ಮೂಲೆಯಲ್ಲಿ ನಿಂತಿರುವಳು. ಅಮ್ಮ ಸೆರಗು ಅಲ್ಲಾಡಿಸಿದರೆ ಅಲ್ಲಿಂದ ಹೊರಡುವಳು. ಅಂಗಡಿಗೆ ಹೊರಟ ಅಪ್ಪ ಕನ್ನಡಕ ಮರೆತು ವಾಪಸು ಬಂದರೆ ಕೆಂಪಮ್ಮ ಅದೇ ಕೊಡ ಹೊತ್ತು ಮತ್ತೆ ಮೂಲೆಗೆ ಹೋಗಬೇಕಾಗಿತ್ತು. ಅಪ್ಪ ಕನ್ನಡಕ ಮರೆಯುವುದು ಜಾಸ್ತಿಯಾದ ಮೇಲೆ ಅವಳು ಕೊಡದಲ್ಲಿ ಅರ್ಧ ಮಾತ್ರ ನೀರು ತುಂಬಿ ಮೇಲೆ ಬಟ್ಟೆ ಮುಚ್ಚಿಕೊಂಡು ಬರತೊಡಗಿದಳು. ನನಗೆ ಗೊತ್ತಿತ್ತು. ಅಜ್ಜಿಗೆ ಹೇಳಲಿಲ್ಲ.

ಅಪ್ಪನಿಗೆ ಇದರಲ್ಲಿ ನಂಬಿಕೆ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಅವರದು ಗ್ರಂದಿಗೆ ಅಂಗಡಿ. ಅರಿಸಿನ, ಸೀಗೇಕಾಯಿ ಪುಡಿ, ಮೆಣಸು, ಊದಿನಕಡ್ಡಿ, ಶುಂಠಿ. ಒಳಗೆ ಕಾಲಿಟ್ಟವರೆಲ್ಲ ಸೀನುವವರೇ. ಮದುವೆ ಸಾಮಾನು ಕಟ್ಟಿಸಲು ಬಂದ ಬೀಗರು ಸೀನುತ್ತ ಕಟ್ಟಿಸಿ, ಸೀನುತ್ತ ಹೊತ್ತುಕೊಂಡು ಹೋಗುತ್ತಿದ್ದರು. ಆ ಮದುವೆಗಳೆಲ್ಲ ಚೆನ್ನಾಗಿಯೇ ನಡೆದವು. ಸೀನಿಗೆ ಹೆದರಿದರೆ ನಾನು ಅಂಗಡಿ ಮುಚ್ಚಿ ಕಾಶಿಗೆ ಹೋಗಬೇಕು ಎನ್ನುತ್ತಿದ್ದರು ಅಪ್ಪ. ಆದರೂ ತಮ್ಮ ತಾಯಿಯ ಮಾತಿಗೆ ಎದುರಾಡದೆ ದಿನಾ ಕೆಂಪಮ್ಮನ ಕೊಡ ನೋಡಿಕೊಂಡೇ ಹೊರಡುತ್ತಿದ್ದರು. ಗಂಡಸರ ಧೈರ್ಯ ಅಂಗಡಿಯಲ್ಲಿ ಒಂದು ತರಹ, ಮನೆಯಲ್ಲಿ ಒಂದು ತರಹ.

ಇಂಥ ಬೀದಿಗೆ ತುಂಗಮ್ಮ ಮಿಸ್ಸು ಬಂದರು. ಯುದ್ಧ ಮುಗಿದು ರೇಷನ್ನು ಮುಗಿಯದಿದ್ದ ಕಾಲ. ಮಾಗಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲವು ವರ್ಷ ಪಾಠ ಹೇಳಿ, ನಮ್ಮ ಕನ್ಯಾ ಮಿಡ್ಲ್ ಸ್ಕೂಲಿಗೆ ಲೆಕ್ಕದ ಉಪಾಧ್ಯಾಯಿನಿಯಾಗಿ ಬಂದವರು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ಹೋಗಿದ್ದ. ತಲೆ ಬೋಳಿಸಬೇಕು ಎಂದು ಪಟ್ಟು ಹಿಡಿದವರ ಮುಂದೆ ಅವರ ತಂದೆ, ತಾವೂ ಮೇಷ್ಟ್ರಾಗಿದ್ದವರು, ಮೊದಲು ನನ್ನದು ಬೋಳಿಸಿ ಎಂದು ಕೂತುಬಿಟ್ಟರಂತೆ. ಹಾಗೆ ಉಳಿದ ಜಡೆಯನ್ನು ಮಿಸ್ಸು ಬಿಗಿಯಾಗಿ ಹೆಣೆದು ಗಂಟು ಹಾಕುತ್ತಿದ್ದರು. ನೀಲಿ ಅಂಚಿನ ಸೀರೆ, ಬರಿ ಹಣೆ, ಕೈಯಲ್ಲಿ ಗಂಡಸರ ಕೊಡೆ. ಅವರ ನಡಿಗೆ ಮಾತ್ರ ಪೂರ್ತಿ ಮಾಗಡಿಯದು. ಕೊನೆಯ ಬಸ್ಸು ತಪ್ಪಿಹೋಗುತ್ತದೇನೋ ಎಂಬಂತೆ ನಡೆಯುವರು. ನಮ್ಮ ಮನೆಯ ಹಿಂದಿನ ವಠಾರದಲ್ಲಿ ಒಂದೇ ಕೋಣೆ ಹಿಡಿದಿದ್ದರು.

ಬೆಳಿಗ್ಗೆ ಅವರು ಸ್ಕೂಲಿಗೆ ಹೊರಟರೆ ಬೀದಿಯ ಬಾಗಿಲುಗಳು ಸರಸರ ಮುಚ್ಚಿಕೊಳ್ಳುತ್ತಿದ್ದವು. ಹೊರಟಿದ್ದ ಗಂಡಸರು ಒಳಗೆ ಹೋಗಿ ಒಂದು ನಿಮಿಷ ಕೂತು ಬರುವರು. ಮಿಸ್ಸಿಗೆ ಇದು ಕಾಣುತ್ತಿರಲಿಲ್ಲವೇ ಎಂದು ನಾನು ಚಿಕ್ಕವಳಾಗಿದ್ದಾಗ ಅಂದುಕೊಳ್ಳುತ್ತಿದ್ದೆ. ಕಾಣದೆ ಏನು. ಬೇರೆ ದಾರಿ ಇದ್ದರೂ ಅವರು ಆ ಬೀದಿಯ ನಟ್ಟನಡುವೆಯೇ ಹೋಗುತ್ತಿದ್ದರು. ಇಷ್ಟಾದರೂ ಬೀದಿಯ ಹೆಣ್ಣುಮಕ್ಕಳೆಲ್ಲ ಲೆಕ್ಕ ಕಲಿತದ್ದು ಅವರ ಹತ್ತಿರವೇ. ಪಾಠಕ್ಕೆ ಅವರಿಂದ ಯಾವ ದೋಷವೂ ತಟ್ಟುತ್ತಿರಲಿಲ್ಲ. ತಟ್ಟುತ್ತಿದ್ದದ್ದು ಪರೀಕ್ಷೆಯ ದಿನ ಮಾತ್ರ.

ನಮ್ಮ ಸ್ಕೂಲಿನಲ್ಲಿ ಒಂದು ಪದ್ಧತಿ ಇತ್ತು. ಮಿಡ್ಲ್ ಸ್ಕೂಲಿನ ಕೊನೆಗೆ ಎಲ್ಲೆಸ್ ಎಂಬ ಸರ್ಕಾರಿ ಪರೀಕ್ಷೆ. ಅದು ನಡೆಯುವುದು ಬಸವನಗುಡಿಯ ಬೇರೊಂದು ಸ್ಕೂಲಿನಲ್ಲಿ. ಆ ದಿನ ಬೆಳಿಗ್ಗೆ ಹುಡುಗಿಯರೆಲ್ಲ ನಮ್ಮ ಸ್ಕೂಲಿನ ಗೇಟಿನ ಹತ್ತಿರ ಸೇರಬೇಕು. ಕ್ಲಾಸ್ ಟೀಚರು ಮುಂದೆ, ಹುಡುಗಿಯರು ಸಾಲಾಗಿ ಹಿಂದೆ, ಬಸವನಗುಡಿಯವರೆಗೆ ನಡೆದುಕೊಂಡು ಹೋಗಬೇಕು. ನನ್ನ ಸರದಿ ಬಂದ ವರ್ಷ ನಮ್ಮ ಕ್ಲಾಸ್ ಟೀಚರು ತುಂಗಮ್ಮ ಮಿಸ್ಸೇ ಆಗಿದ್ದರು. ಒಂದು ತಿಂಗಳು ಮುಂಚೆಯೇ ಬೀದಿಯ ಹೆಂಗಸರಲ್ಲಿ ಗುಸುಗುಸು ಹತ್ತಿತು. ವರ್ಷವೆಲ್ಲ ಓದಿ, ಹೊರಡುವ ಹೊತ್ತಿಗೆ ಅಂಥವರನ್ನು ಮುಂದೆ ಮಾಡಿಕೊಂಡು ಹೋಗುವುದೇ? ಎಲ್ಲರಿಗಿಂತ ಜೋರಾಗಿ ಹೇಳಿದವಳು ನಮ್ಮ ಅಜ್ಜಿ, ಬಾಗಿಲ ಹಿಂದಿನಿಂದ.

ಮಾತು ಸ್ಕೂಲಿನ ಕಮಿಟಿಗೆ ಹೋಯಿತು. ಅದರ ಅಧ್ಯಕ್ಷರು ಪೇಟೆಯ ದೊಡ್ಡ ಜವಳಿ ವ್ಯಾಪಾರಿ, ಒಳ್ಳೆಯವರೇ, ಆದರೆ ಯಾರು ಕೊನೆಗೆ ಮಾತಾಡಿದರೋ ಅವರ ಮಾತಿಗೆ ತಲೆದೂಗುವ ಸ್ವಭಾವ. ಕೊನೆಗೆ ಮಾತಾಡಿದವರು ಅವರ ಹೆಂಡತಿ. ಅಧ್ಯಕ್ಷರು ಮಿಸ್ಸನ್ನು ಕರೆಸಿ, ಆ ದಿನ ಒಂದು ರಜ ತೆಗೆದುಕೊಳ್ಳಿ, ಹೊಲಿಗೆ ಹೇಳಿಕೊಡುವ ಜಯಮ್ಮನವರು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ ಎಂದರಂತೆ. ರಜ ಬೇಕಾದಾಗ ನಾನೇ ಕೇಳುತ್ತೇನೆ ಎಂದರಂತೆ ಮಿಸ್ಸು. ಹಾಗಾದರೆ ಮಕ್ಕಳಿಗೆ ಹೆಚ್ಚುಕಡಿಮೆಯಾದರೆ ನಿಮ್ಮ ಕೆಲಸಕ್ಕೆ ನಾನು ಹೊಣೆಯಲ್ಲ ಎಂದು ಅಧ್ಯಕ್ಷರು ಹೇಳಿ ಕಳಿಸಿದರು. ಆ ಕೆಲಸವೊಂದು ಹೋದರೆ ಮಿಸ್ಸಿಗೆ ಮಾಗಡಿಯಲ್ಲಿ ಅಣ್ಣನ ಮನೆಯ ಅಡಿಗೆ ಒಲೆ ಬಿಟ್ಟು ಬೇರೆ ಜಾಗ ಇರಲಿಲ್ಲ. ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರು. ಇದು ಬೀದಿಗೆಲ್ಲ ಗೊತ್ತಿತ್ತು.

ಪರೀಕ್ಷೆಯ ದಿನ ದೊಡ್ಡವರು ಒಂದು ಉಪಾಯ ಮಾಡಿದರು. ನಮ್ಮನ್ನು ಸ್ಕೂಲಿನ ಗೇಟಿಗೆ ಕಳಿಸಲೇ ಇಲ್ಲ. ಮುಂಚೆಯೇ ಅಧ್ಯಕ್ಷರ ಮನೆಯ ಮುಂದೆ ಸೇರಿಸಿ, ಜಯಮ್ಮ ಮಿಸ್ಸನ್ನು ಮುಂದೆ ನಿಲ್ಲಿಸಿ ಹೊರಡಿಸಿದರು. ತುಂಗಮ್ಮ ಮಿಸ್ಸು ಗೇಟಿನ ಹತ್ತಿರ ಒಬ್ಬರೇ ನಮಗೆ ಕಾಯುತ್ತಿರುತ್ತಾರೆ ಎಂದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಸಾಲಿನಲ್ಲಿ ನಡೆದೆವು. ಜಯಮ್ಮ ಮಿಸ್ಸು ಪಾಪ, ನೆಲ ನೋಡಿಕೊಂಡು ನಡೆಯುತ್ತಿದ್ದರು.

ಬಸವನಗುಡಿ ಕಡೆಗೆ ಹೊರಳುವ ಹುಣಿಸೆಮರದ ತಿರುವಿನಲ್ಲಿ ನಾವು ನಿಲ್ಲಬೇಕಾಯಿತು. ಆದದ್ದು ಇಷ್ಟೆ. ಒಂದೊಂದು ಮನೆಯ ಅಜ್ಜಿಯೂ ತನ್ನ ಮೊಮ್ಮಗಳಿಗೆಂದು ಒಂದೊಂದು ಶುಭಶಕುನವನ್ನು ಗೊತ್ತುಮಾಡಿದ್ದಳು. ಒಬ್ಬಳು ಮಾಡಿದ್ದು ಇನ್ನೊಬ್ಬಳಿಗೆ ಗೊತ್ತಿಲ್ಲ. ದೃಷ್ಟಿಯಾಗುತ್ತದೆಂದು ಎಲ್ಲರೂ ಗುಟ್ಟಾಗಿಟ್ಟಿದ್ದರು. ಎಲ್ಲರಿಗೂ ದಿಕ್ಕು ನೋಡಿ ಹೇಳಿದ ಜೋಯಿಸರು ಮಾತ್ರ ಒಬ್ಬರೇ. ಆದ್ದರಿಂದ ಎಲ್ಲ ಶುಭವೂ ಒಂದೇ ಮೂಲೆಯಲ್ಲಿ, ಒಂದೇ ಗಳಿಗೆಯಲ್ಲಿ ಎದುರಾಯಿತು. ನಮ್ಮ ಕೆಂಪಮ್ಮನ ಹಿಂದೆ ಇನ್ನೂ ನಾಲ್ಕಾರು ಕೊಡದವರು. ಮೊಸರಿನ ಮಡಕೆಯವಳೊಬ್ಬಳು. ಮಾವಳ್ಳಿಯಿಂದ ಬಂದ ಹೂವಿನ ಬುಟ್ಟಿಯವಳೊಬ್ಬಳು. ಕರುವಿನ ಸಮೇತ ಒಂದು ಹಸು. ಅಧ್ಯಕ್ಷರ ಮೊಮ್ಮಗಳೂ ನಮ್ಮ ಸಾಲಿನಲ್ಲಿದ್ದುದರಿಂದ ಒಂದು ಮೇಳ ಓಲಗ.

ನೀವು ಕೇಳಬಹುದು, ಪಕ್ಕಕ್ಕೆ ಸರಿದು ಹೋಗಬಾರದಿತ್ತೇ ಎಂದು. ಶಾಸ್ತ್ರ ಗೊತ್ತಿಲ್ಲದವರ ಮಾತು ಅದು. ಎದುರಿಗೆ ಬಂದ ಶುಭವನ್ನು ಪಕ್ಕಕ್ಕೆ ಬಿಟ್ಟು ಹೋದರೆ ಅದು ಅಶುಭಕ್ಕಿಂತ ಕಡೆ. ಕೊಡದವಳೂ ಹೊರಟವರಿಗೆ ದಾರಿ ಬಿಟ್ಟು ಸರಿಯಬಾರದು; ಸರಿದರೆ ಕೊಡದ ಫಲ ಹೋಯಿತು. ನಾವು ಹಿಂದಕ್ಕೆ ಹೋಗುವಂತೆಯೂ ಇಲ್ಲ, ಹೊರಟ ಕಾಲು ತಿರುಗಿಸಬಾರದು. ನಮ್ಮ ಮುಂದೆ ಅವರು, ಅವರ ಮುಂದೆ ನಾವು, ನಡುವೆ ಹಸು. ಕೊಡದವರಲ್ಲಿ ಯಾರು ಮೊದಲು ಹಾಯಬೇಕೆಂದು ಜಗಳ ಎದ್ದಿತು. ಓಲಗದವರು ಜಗಳ ಕೇಳಿಸದಿರಲೆಂದು ಇನ್ನೂ ಗಟ್ಟಿಯಾಗಿ ಊದಿದರು. ಪರೀಕ್ಷೆಯ ಹೊತ್ತು ಹತ್ತಿರವಾಗುತ್ತಿತ್ತು. ಒಂದಿಬ್ಬರು ಹುಡುಗಿಯರು ಅಳಲು ಶುರುಮಾಡಿದರು. ಜಯಮ್ಮ ಮಿಸ್ಸು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಆಗ ಹಿಂದಿನಿಂದ ತುಂಗಮ್ಮ ಮಿಸ್ಸು ಬಂದರು. ಖಾಲಿ ಗೇಟಿನ ಹತ್ತಿರ ಕಾದು, ನಡೆದದ್ದೇನೆಂದು ಊಹಿಸಿ, ಆ ಮಾಗಡಿ ನಡಿಗೆಯಲ್ಲಿ ನಮ್ಮನ್ನು ಹಿಡಿದಿದ್ದರು. ನಮ್ಮ ಯಾರ ಮುಖವನ್ನೂ ಅವರು ನೋಡಲಿಲ್ಲ. ಸಾಲಿನ ಪಕ್ಕದಲ್ಲೇ ನಡೆದು ಮುಂದಕ್ಕೆ ಬಂದು, ಆ ಗುಂಪನ್ನು ಒಂದು ಸಲ ನೋಡಿದರು. ಕೊಡೆ ಮಡಿಸಿ ಕಂಕುಳಲ್ಲಿಟ್ಟುಕೊಂಡರು. ನೇರ ಅವರ ಎದುರಿಗೇ ನಡೆದರು.

ಬೆಳ್ಳಂಬೆಳಿಗ್ಗೆ, ತಲೆಯ ಮೇಲೆ ತುಂಬಿದ ಕೊಡ ಹೊತ್ತವರಿಗೆ ಅಂಥ ಮುಖ ಎದುರಾಗುವುದೆಂದರೆ ಸಾಮಾನ್ಯವೇ? ಮೊದಲು ಮೊಸರಿನವಳು ತಿರುಗಿಕೊಂಡಳು. ಆಮೇಲೆ ಕೊಡದವರು ಒಬ್ಬರ ಮೇಲೊಬ್ಬರು ಬೀಳುತ್ತ, ನೀರು ಚೆಲ್ಲುತ್ತ, ಗೋಡೆಗೆ ಮುಖ ಮಾಡಿ ನಿಂತರು. ಓಲಗ ನಿಂತಿತು. ಹೂವಿನವಳು ಬುಟ್ಟಿಗೆ ಸೆರಗು ಮುಚ್ಚಿ ಓಡಿದಳು. ಜಾಗ ಬಿಡದವರು ಇಬ್ಬರೇ, ಹಸು ಮತ್ತು ಕರು. ಹಸುವಿನ ಬೆನ್ನಿಗೆ ಮಿಸ್ಸು ಕೊಡೆಯಿಂದ ಒಂದು ಏಟು ಕೊಟ್ಟರು, ಅದೂ ಸರಿಯಿತು. ಬಸವನಗುಡಿಯವರೆಗೆ ರಸ್ತೆ ಗುಡಿಸಿದ ಹಾಗೆ ಖಾಲಿಯಾಗಿತ್ತು. "ಬನ್ನಿ, ಹೊತ್ತಾಯ್ತು" ಎಂದರು ಮಿಸ್ಸು, ಹಿಂದಕ್ಕೆ ತಿರುಗದೆ.

ನಾವು ಓಡುತ್ತ ಅವರ ಹಿಂದೆ ಹೋದೆವು. ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಸಾಲಿನಲ್ಲಿ ನಾನೇ ಮೊದಲನೆಯವಳು. ಮಿಸ್ಸಿನ ಕಿವಿ ಕೆಂಪಾಗಿದ್ದುದು ಕಂಡಿತು. ಜನ ತನ್ನನ್ನು ಕಂಡು ಓಡುತ್ತಾರೆ ಎಂದು ಗೊತ್ತಿದ್ದೇ ಆ ಹೆಂಗಸು ನಮಗೋಸ್ಕರ ಅವರನ್ನು ಓಡಿಸಿತ್ತು. ಆಮೇಲೆ ನನ್ನ ಖುಷಿ ಹೋಗಿ ಸಿಟ್ಟು ಬಂತು. ಆ ಸಿಟ್ಟು ನನಗೆ ಇನ್ನೂ ಇದೆ, ಇರಲಿ ಎಂದು ನಾನೇ ಇಟ್ಟುಕೊಂಡಿದ್ದೇನೆ.

ಪರೀಕ್ಷೆಯ ಫಲ ಬಂತು. ಎಲ್ಲರೂ ಪಾಸು, ನಾನೊಬ್ಬಳು ಲೆಕ್ಕದಲ್ಲಿ ಢುಮುಕಿ. ನನ್ನ ಪರವಾಗಿ ಒಂದೆರಡು ಮಾತು ಹೇಳುತ್ತೇನೆ, ಕೇಳಿ. ಒಂದು ತೊಟ್ಟಿ, ಮೇಲಿನ ನಲ್ಲಿಯಿಂದ ನೀರು ತುಂಬುತ್ತದೆ, ಕೆಳಗಿನ ನಲ್ಲಿಯಿಂದ ಹೊರಗೆ ಹೋಗುತ್ತದೆ, ತೊಟ್ಟಿ ತುಂಬಲು ಎಷ್ಟು ಹೊತ್ತು ಎಂದು ಕೇಳಿದ್ದರು. ನೀರು ಬರುವುದೇ ಬೆಳಿಗ್ಗೆ ಒಂದು ಹೊತ್ತು. ಅಂಥದ್ದರಲ್ಲಿ ಕೆಳಗಿನ ನಲ್ಲಿ ಬಿಟ್ಟುಕೊಂಡು ಕೂತ ಆ ಬುದ್ಧಿಗೇಡಿ ಯಾರು? ನಮ್ಮ ಬೀದಿಯಲ್ಲಾಗಿದ್ದರೆ ಹೆಂಗಸರು ಕೊಡದಲ್ಲೇ ಹೊಡೆಯುತ್ತಿದ್ದರು. ಮೊದಲು ಕೆಳಗಿನ ನಲ್ಲಿ ಮುಚ್ಚಬೇಕು ಎಂದು ಉತ್ತರ ಬರೆದೆ. ಮಿಕ್ಕ ಲೆಕ್ಕಗಳಿಗೂ ಹೆಚ್ಚುಕಡಿಮೆ ಇದೇ ರೀತಿಯ ಸಲಹೆಗಳನ್ನು ಕೊಟ್ಟಿದ್ದೆ.

ಅಜ್ಜಿಗೆ ಮೊಮ್ಮಗಳು ಫೇಲಾದ ದುಃಖಕ್ಕಿಂತ ತನ್ನ ಶಾಸ್ತ್ರ ನಿಜವಾದ ಸಮಾಧಾನವೇ ಹೆಚ್ಚಾಗಿ ಕಂಡಿತು. ಆಯಮ್ಮನ ಬೆನ್ನ ಹಿಂದೆ ಮೊದಲು ನಿಂತವಳು ಇವಳೇ, ಪೆಟ್ಟು ಬಿದ್ದದ್ದು ಇವಳಿಗೇ ಎಂದು ಬೀದಿಗೆಲ್ಲ ಹೇಳಿ ಕಳಿಸಿದಳು. ಕಮಿಟಿ ಸೇರಿತು. ಮಿಸ್ಸನ್ನು ತೆಗೆಯಬೇಕೆಂದು ಮಾತಾಯಿತು. ಸಾಕ್ಷಿಗೆ ನಾನು ಬೇಕಾಗಿದ್ದೆ. ಅಪ್ಪನ ಜೊತೆ ಹೋದೆ. ದೊಡ್ಡ ಜಮಖಾನದ ಮೇಲೆ ದೊಡ್ಡವರು ಕೂತಿದ್ದರು. ಮಿಸ್ಸು ಕಿಟಕಿಯ ಹತ್ತಿರ ನಿಂತಿದ್ದರು, ಕೂರಿ ಎಂದು ಯಾರೂ ಹೇಳಿರಲಿಲ್ಲ. ಹೊರಡುವಾಗ ಏನಾಯಿತು, ಹೆದರಬೇಡ, ಹೇಳು ಎಂದರು ಅಧ್ಯಕ್ಷರು.

ಹೆದರಿಕೆ ನನಗಿರಲಿಲ್ಲ, ಉರಿಯುತ್ತಿತ್ತು. ಫೇಲಾದವಳು ನಾನು, ಅದನ್ನೂ ನನ್ನಿಂದ ಕಿತ್ತು ಇನ್ನೊಬ್ಬರ ಹಣೆಗೆ ಹಚ್ಚಲು ಹೊರಟಿದ್ದಾರಲ್ಲ ಎನ್ನಿಸಿತು.

"ನಾನು ಓದ್ಲಿಲ್ಲ, ಫೇಲಾದೆ," ಎಂದೆ. "ಅದು ನನ್ನದು. ಮಿಸ್ಸು ಬರದೇ ಇದ್ದಿದ್ರೆ ನಾವೆಲ್ಲ ಹಸುವಿನ ಮುಂದೇನೇ ಫೇಲಾಗ್ತಿದ್ವಿ."

ಅಧ್ಯಕ್ಷರು ಅಪ್ಪನ ಕಡೆ ನೋಡಿದರು, ಮಗಳನ್ನು ಗದರಿಸಲಿ ಎಂದು. ಅಪ್ಪ ಜೀವಮಾನದಲ್ಲಿ ಮನೆಯ ಹೆಂಗಸರ ಮಾತು ಮೀರಿದವರಲ್ಲ. ಅವತ್ತೂ ಮೀರಲಿಲ್ಲ, ಆ ಹೊತ್ತಿಗೆ ಮಾತಾಡಿದ ಮನೆಯ ಹೆಂಗಸು ನಾನಾಗಿದ್ದೆ. ಗಂಟಲು ಸರಿಮಾಡಿಕೊಂಡು, ಮೆಲ್ಲಗೆ, "ಒಬ್ಬಳು ಫೇಲಾಗಿದ್ದಕ್ಕೆ ಇವರು ಹೊಣೆ ಅಂದ್ರೆ, ಮಿಕ್ಕೋರೆಲ್ಲ ಪಾಸಾಗಿದ್ದಕ್ಕೆ ಯಾರು ಸ್ವಾಮಿ?" ಎಂದರು. ಪಾಸಾದವರಲ್ಲಿ ಅಧ್ಯಕ್ಷರ ಮೊಮ್ಮಗಳಿಗೆ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಬಂದಿತ್ತು. ಮುಂದಿನ ವರ್ಷ ನೋಡೋಣ ಎಂದು ಹೇಳಿ ಅವರು ಜಮಖಾನದಿಂದ ಎದ್ದರು.

ಮಿಸ್ಸು ನನ್ನನ್ನು ತಬ್ಬಿಕೊಂಡರು ಎಂದು ನೀವು ನಿರೀಕ್ಷಿಸಿದ್ದರೆ ನಿಮಗೆ ಅವರು ಗೊತ್ತಿಲ್ಲ. ನೀನು ನನ್ನ ಕೆಲಸ ಉಳಿಸಿದೆ ಅಂತ ತಿಳಿದುಕೊಳ್ಳಬೇಡ, ನಿನ್ನ ಲೆಕ್ಕವೆಲ್ಲ ಇನ್ನೂ ತಪ್ಪೇ, ನಾಳೆಯಿಂದ ಸಾಯಂಕಾಲ ವಠಾರಕ್ಕೆ ಬಾ ಎಂದರು. ಒಂದು ವರ್ಷ ದಿನಾ ಆ ಕೋಣೆಯಲ್ಲಿ ತೊಟ್ಟಿ ತುಂಬಿಸಿದೆ. ಅಜ್ಜಿ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಆದರೆ ವಠಾರಕ್ಕೆ ಹೊರಡುವಾಗ ಕುರುಕಲಿಗೆಂದು ಹುರಿಗಡಲೆ ಪೊಟ್ಟಣ ಬಾಗಿಲ ಹತ್ತಿರ ಇಟ್ಟಿರುವಳು, ಎರಡು ಪೊಟ್ಟಣ. ಎರಡನೆಯದು ಮಿಸ್ಸಿನ ಕೈ ಸೇರುತ್ತಿತ್ತು. ಮರುವರ್ಷ ನಾನು ಪಾಸಾದೆ, ಕೂದಲೆಳೆಯಲ್ಲಿ. ಮುಂದೆ ನಾನೂ ಟೀಚರಾದೆ, ಕನ್ನಡಕ್ಕೆ. ಲೆಕ್ಕಕ್ಕೆ ಯಾರೂ ನನ್ನನ್ನು ಕರೆಯಲಿಲ್ಲ, ಅದೊಂದು ವಿಷಯದಲ್ಲಿ ವಿದ್ಯಾ ಇಲಾಖೆ ಬುದ್ಧಿವಂತಿಕೆಯಿಂದ ನಡೆದುಕೊಂಡಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬೀದಿ ಸೋಲು ಒಪ್ಪುವ ಜಾತಿಯಲ್ಲ. ಮಿಸ್ಸಿನ ಹಿಂದೆ ಹೋದವರು ವರ್ಷವರ್ಷವೂ ಪಾಸಾಗುತ್ತ ಬಂದದ್ದಕ್ಕೆ ಅವರ ಪಾಠ ಕಾರಣ ಎಂದು ಒಪ್ಪುವ ಬದಲು, ಅವರ ಮುಖವೇ ಶುಭ ಎಂದು ತೀರ್ಮಾನ ಮಾಡಿದರು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗುವ ಹೊತ್ತಿಗೆ ಪರೀಕ್ಷೆಯ ಬೆಳಿಗ್ಗೆ ವಠಾರದ ಬಾಗಿಲಲ್ಲಿ ತಾಯಂದಿರು ಮಕ್ಕಳನ್ನು ಹಿಡಿದು ನಿಲ್ಲತೊಡಗಿದರು, ಮಿಸ್ಸು ಎದುರಿಗೆ ಬರಲಿ ಎಂದು. ಕೋರ್ಟಿನಲ್ಲಿ ಜಾಗದ ತಕರಾರಿದ್ದ ಒಬ್ಬ ಮನುಷ್ಯನೂ ಫೈಲು ಹಿಡಿದು ಬಂದಿದ್ದ. ಬಾಗಿಲು ಮುಚ್ಚಿಕೊಳ್ಳುತ್ತಿದ್ದವರೇ ಈಗ ಬಾಗಿಲು ಕಾಯುತ್ತಿದ್ದರು. ಮಿಸ್ಸಿಗೆ ಮೊದಲಿಗಿಂತ ಜಾಸ್ತಿ ಕೋಪ ಬಂತು. ಗೌರಿಹಬ್ಬಕ್ಕೆ ಇವರಲ್ಲಿ ಒಬ್ಬರಾದರೂ ನನ್ನನ್ನು ಒಳಗೆ ಕರೆದು ಕೂರಿಸಿದ್ದಾರಾ ಎಂದು ನನ್ನನ್ನು ಕೇಳಿದರು. ನಿಜ, ಯಾರೂ ಕರೆದಿರಲಿಲ್ಲ. ಮುಖ ಬೇಕಾಗಿತ್ತು, ಮನುಷ್ಯಳು ಬೇಕಾಗಿರಲಿಲ್ಲ. ಬಂದವರನ್ನೆಲ್ಲ ಅವರು ಬೈದು ಕಳಿಸುತ್ತಿದ್ದರು. ಆ ಬೈಗುಳವೂ ಶುಭ ಎಂದು ಕೆಲವರು ಸಂತೋಷವಾಗಿ ಹೋದರು.

ನನ್ನ ತಂಗಿ ಗಿರಿಜೆಯ ಎಲ್ಲೆಸ್ ಪರೀಕ್ಷೆ ಬಂತು. ಆ ಹೊತ್ತಿಗೆ ಸಾಲಾಗಿ ನಡೆದುಕೊಂಡು ಹೋಗುವ ಪದ್ಧತಿ ನಿಂತು ಮಕ್ಕಳು ತಾವೇ ಹೋಗುತ್ತಿದ್ದರು. ಬೆಳಿಗ್ಗೆ ಅಜ್ಜಿ ನನ್ನನ್ನು ಕರೆದು, ಮಗುವನ್ನು ವಠಾರದ ಮೇಲೆ ಕರೆದುಕೊಂಡು ಹೋಗು ಎಂದಳು. ಯಾಕೆ ಎಂದು ನನಗೆ ಗೊತ್ತಾಯಿತು. ಅಜ್ಜಿ ಸೋತಿರಲಿಲ್ಲ, ಪಟ್ಟಿ ಬದಲಾಯಿಸಿದ್ದಳು ಅಷ್ಟೆ. ನನಗೆ ಇಷ್ಟವಿರಲಿಲ್ಲ, ಆದರೂ ಪರೀಕ್ಷೆಯ ದಿನ ಜಗಳ ಬೇಡವೆಂದು ಹೋದೆ.

ಮಿಸ್ಸು ಕೋಣೆಗೆ ಬೀಗ ಹಾಕುತ್ತಿದ್ದರು. ನಮ್ಮನ್ನು ನೋಡಿದವರೇ, ನೀನೂನಾ ಎಂಬಂತೆ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಅವರ ಕಣ್ಣು ನಮ್ಮ ಹಿಂದೆ ಹೋಯಿತು. ವಠಾರದ ಗೇಟಿನ ಆಚೆ, ಕಂಬದ ಮರೆಯಲ್ಲಿ ಒಂದು ಸೆರಗು ಕಾಣುತ್ತಿತ್ತು. ಅಜ್ಜಿ ನಮ್ಮ ಹಿಂದೆಯೇ ಬಂದಿದ್ದಳು, ಮಗುವಿನ ಕಣ್ಣಿಗೆ ಬೀಳದಂತೆ.

"ಅಲ್ಯಾಕೆ ನಿಂತಿದೀರಿ ಅಜ್ಜಿ?" ಎಂದರು ಮಿಸ್ಸು.

"ಮಗು ಪರೀಕ್ಷೆಗೆ ಹೊರಟೈತಲ್ಲ ತಾಯಿ. ನಾನು ಎದುರಿಗೆ ಬರಬಾರ್ದು. ನೀನು ಒಂದ್ಸಲ ಬಾಮ್ಮ."

ಮಿಸ್ಸಿಗೆ ಬೈಗುಳ ಬಾಯಿಗೆ ಬಂದಿತ್ತೇನೋ. ಕಂಬದ ಹಿಂದೆ ನಿಂತವಳನ್ನು ನೋಡಿ ಅದನ್ನು ನುಂಗಿಕೊಂಡರು ಎಂದು ನನಗೆ ಅನ್ನಿಸಿತು. ಅಷ್ಟು ವರ್ಷ ಅಜ್ಜಿಯನ್ನು ಅವರು ಬಾಗಿಲ ಹಿಂದಿನ ದನಿಯಾಗಿ ಕೇಳಿದ್ದರೇ ಹೊರತು ಹತ್ತಿರದಿಂದ ಕಂಡಿರಲಿಲ್ಲ.

"ನಿಮಗೇನಾಗಿದೆಯೋ ನನಗೂ ಅದೇ ಆಗಿರೋದು," ಎಂದರು. "ನನ್ನ ಮುಖ ಒಳ್ಳೇ ಶಕುನ, ನಿಮ್ಮದು ಕೆಟ್ಟದ್ದಾ? ನಾನು ಶಕುನ ಅಲ್ಲ ಅಜ್ಜಿ, ಟೀಚರು. ಎದುರಿಗೆ ಬರೋದಿಲ್ಲ. ಬೇಕಾದ್ರೆ ಜೊತೇಲಿ ಬರ್ತೀನಿ, ಸ್ಕೂಲಿನ ತನಕ. ಆದ್ರೆ ನೀವೂ ಬರಬೇಕು. ಮಗೂನ ಕೈ ಹಿಡ್ಕೊಂಡು."

"ನಾನಾ?" ಎಂದಳು ಅಜ್ಜಿ.

ಗಿರಿಜೆಗೆ ಹೊತ್ತಾಗುತ್ತಿತ್ತು. ಅವಳು ನನ್ನ ಕೈ ಬಿಟ್ಟು ಗೇಟಿನ ಕಡೆ ಹೋಗಿ, ಬಾ ಅಜ್ಜಿ ಎಂದು ಸೆರಗು ಹಿಡಿದು ಎಳೆದಳು. ಅಜ್ಜಿ ಕಂಬವನ್ನು ಒಂದು ಕೈಯಲ್ಲಿ ಹಿಡಿದೇ ಇದ್ದಳು. ಮಿಸ್ಸು ಕಾಯಲಿಲ್ಲ. ಕೊಡೆ ಬಿಚ್ಚಿ ನಡೆದೇಬಿಟ್ಟರು. ಅವರು ಮೂಲೆಯವರೆಗೆ ಹೋಗುವಷ್ಟರಲ್ಲಿ ಅಜ್ಜಿ ಕಂಬ ಬಿಟ್ಟಳು.

ಮೂವರೂ ರಸ್ತೆಯ ನಡುವೆ ಹೋದರು, ಮಗು ಮಧ್ಯೆ. ಅಂಗಡಿ ತೆಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಒಬ್ಬಿಬ್ಬರು ಒಳಗೆ ಸರಿದರು. ನಾನು ಹಿಂದೆ ನಿಂತು ನೋಡುತ್ತಿದ್ದೆ. ನಗು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು. ಮಗನ ಮದುವೆಗೆ ಹೊರಟಾಗ, ಮೊಮ್ಮಕ್ಕಳು ಮೊದಲ ದಿನ ಸ್ಕೂಲಿಗೆ ಹೊರಟಾಗ ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದ ನಮ್ಮ ಅಜ್ಜಿ ಹಗಲು ಹೊತ್ತಿನಲ್ಲಿ, ಎಲ್ಲರ ಎದುರಿಗೆ, ಮೊಮ್ಮಗಳನ್ನು ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದಳು.

ತುಂಗಮ್ಮ ಮಿಸ್ಸು ಆಮೇಲೆ ಬಹಳ ವರ್ಷ ಬದುಕಿದರು. ಅಧ್ಯಕ್ಷರು ಹೋದರು, ಜೋಯಿಸರು ಹೋದರು, ಆ ಸ್ಕೂಲಿನ ಕಟ್ಟಡವೂ ಹೋಯಿತು. ರಿಟೈರಾದ ಮೇಲೂ ಮಿಸ್ಸು ವಠಾರದ ಜಗಲಿಯ ಮೇಲೆ ಕೂತು ಸಿಕ್ಕಿದ ಮಕ್ಕಳಿಗೆಲ್ಲ ಮಗ್ಗಿ ಹೇಳಿಸುತ್ತಿದ್ದರು. ಗೌರಿಹಬ್ಬದ ದಿನ ನಮ್ಮ ಮನೆಯ ನಡುಮನೆಯಲ್ಲಿ ಅಜ್ಜಿಯ ಪಕ್ಕ ಅವರಿಗೊಂದು ಮಣೆ ಇರುತ್ತಿತ್ತು. ಬೀದಿ ಪೂರ್ತಿ ಬದಲಾಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಕೆಂಪಮ್ಮನ ಕೊಡಕ್ಕೆ ಗಿರಾಕಿಗಳು ಇದ್ದೇ ಇದ್ದರು.

ಗಿರಿಜೆಯ ಪರೀಕ್ಷೆಯ ದಿನ ಸಾಯಂಕಾಲ ಅಜ್ಜಿ ಬಂದು ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದಳು, ಹಿಮ್ಮಡಿ ನೋಯುತ್ತದೆಂದು ಎಣ್ಣೆ ಹಚ್ಚಿಕೊಳ್ಳುತ್ತ. ಅವಳನ್ನು ಕೆಣಕದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಹೋಗುವಾಗ ದಾರಿಯಲ್ಲಿ ಯಾರು ಎದುರಿಗೆ ಬಂದರು ಅಜ್ಜಿ ಎಂದು ಕೇಳಿದೆ.

ಅಜ್ಜಿ ಎಣ್ಣೆಯ ಕೈ ನಿಲ್ಲಿಸಿ ನಿಜವಾಗಿಯೂ ಯೋಚನೆ ಮಾಡಿದಳು.

"ನೋಡ್ಲೇ ಇಲ್ವಲ್ಲೇ," ಎಂದಳು. "ಆಯಮ್ಮನ ಜೊತೆ ಹೆಜ್ಜೆ ಹಾಕೋದ್ರಲ್ಲೇ ಸ್ಕೂಲು ಬಂದ್ಬಿಡ್ತು."